ರಸ್ತೆ ಬಿಟ್ಟರೂ ಬಿಡದ ಕಾನೂನು

ಮುಂಬಯಿಯ ಪೂರ್ವ ಉಪನಗರಗಳಲ್ಲೊಂದಾದ ಭಾಂಡುಪ್ ಗುಡ್ಡಕ್ಕೂ ಕಡಲಿಗೂ ನಡುವೆ ಹಬ್ಬಿದ ಊರು. ಅದರ ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಮತ್ತು ವಿಹಾರ ಸರೋವರ. ನಡುವೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗ, ರೈಲುಹಳಿ ಹಾಗೂ ಒತ್ತೊತ್ತಾದ ವಸತಿಗಳು. ಪೂರ್ವಕ್ಕೆ ಹೆದ್ದಾರಿಯಾಚೆ ಉಪ್ಪಿನ ಗದ್ದೆಗಳು, ಕಾಂಡ್ಲಾವನ ಹಾಗೂ ಠಾಣೆ ಕ್ರೀಕ್. ಇಂತಹ ಊರಿನಲ್ಲಿ ಎ.ಟಿ.ವಿ. ಎಂದು ಕರೆಯಲ್ಪಡುವ ಬಯಲು ವಾಹನವನ್ನು ಕೊಂಡವರಿಗೆ ಸಹಜವಾಗಿಯೇ ಒಂದು ಭಾವನೆ ಮೂಡುತ್ತದೆ: ರಸ್ತೆಗಿಳಿಯದಿದ್ದರಾಯಿತು, ಗುಡ್ಡದ ಮೇಲಾಗಲಿ ಬಯಲಿನಲ್ಲಾಗಲಿ ಓಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದು. ಈ ಭಾವನೆ ತಪ್ಪು. ಅದು ಏಕೆ ತಪ್ಪೆಂಬುದನ್ನು ಕೊಳ್ಳುವ ಮೊದಲೇ ಅರಿತರೆ ಹಣವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ.

ವಾಹನ ಯಾವುದು?

ಎ.ಟಿ.ವಿ.ಗೆ ಸಾಮಾನ್ಯವಾಗಿ ದಪ್ಪನೆಯ ನಾಲ್ಕು ಟೈರುಗಳು, ಕುದುರೆ ಏರಿದಂತೆ ಕಾಲು ಚಾಚಿ ಕೂರುವ ಆಸನ ಹಾಗೂ ಮೋಟಾರು ಸೈಕಲ್ಲಿನಂತಹ ಹ್ಯಾಂಡಲ್ ಇರುತ್ತವೆ. ಹೆಸರಿನ ಹೋಲಿಕೆಯಿಂದ ಇದನ್ನು ‘ಕ್ವಾಡ್ರಿಸೈಕಲ್’ ಎಂದು ಭಾವಿಸಬಾರದು. ಅದು ರಸ್ತೆ ಸಂಚಾರಕ್ಕೆಂದೇ ನಿಯಮಗಳಲ್ಲಿ ಗುರುತಿಸಲಾದ ಬೇರೆಯೇ ವರ್ಗ.

ಮೋಟಾರು ವಾಹನಗಳ ಅಧಿನಿಯಮ, 1988ರ 2(28)ನೆಯ ಪ್ರಕರಣವು ರಸ್ತೆಯ ಮೇಲೆ ಬಳಸಲು ಅಳವಡಿಸಲಾದ ಯಂತ್ರಚಾಲಿತ ವಾಹನವನ್ನು ‘ಮೋಟಾರು ವಾಹನ’ವೆಂದು ಕರೆಯುತ್ತದೆ. ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸಲು ಅಳವಡಿಸಿದ ವಿಶೇಷ ಮಾದರಿಯ ವಾಹನಗಳಿಗೆ ಇದರಿಂದ ವಿನಾಯಿತಿ ಇದೆ. ಆದರೆ ಈ ವಿನಾಯಿತಿಯ ಬಾಗಿಲು ಬಹಳ ಕಿರಿದು. ಗಣಿಗಳಲ್ಲಿ ದುಡಿಯುವ ಭಾರೀ ಡಂಪರುಗಳ ಪ್ರಶ್ನೆ ಎದ್ದಾಗ, ರಬ್ಬರ್ ಟೈರುಳ್ಳ ಅವೂ ರಸ್ತೆಯಲ್ಲಿ ಓಡಬಲ್ಲವಾದ್ದರಿಂದ ಮೋಟಾರು ವಾಹನಗಳೇ ಎಂದು ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ತೀರ್ಪಿತ್ತಿತು.

39ನೆಯ ಪ್ರಕರಣದ ಪ್ರಕಾರ ನೋಂದಣಿಯಾಗದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರಾವುದೇ ಸ್ಥಳದಲ್ಲಾಗಲಿ ಓಡಿಸುವಂತಿಲ್ಲ. ನೋಂದಣಿಗಾಗಿ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋದವರಿಂದ ಮಾರಾಟ ಪತ್ರವಾದ ನಮೂನೆ 21ನ್ನೂ, ವಾಹನವು ನಿಯಮಗಳಿಗೆ ಅನುಗುಣವಾಗಿದೆಯೆಂದು ತಯಾರಕರು ದೃಢೀಕರಿಸುವ ನಮೂನೆ 22ನ್ನೂ ಕೇಳಲಾಗುತ್ತದೆ. ಮಾದರಿಯು ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಿ ಅನುಮೋದನೆ ಪಡೆದಿದ್ದರೆ ಮಾತ್ರ ಈ ದೃಢೀಕರಣ ಸಾಧ್ಯ. ‘ರಸ್ತೆಯಲ್ಲಿ ಬಳಸಲು ಅಲ್ಲ’ ಎಂಬ ಒಕ್ಕಣೆಯೊಡನೆ ಮಾರಲಾಗುವ ವಾಹನಕ್ಕೆ ಇದು ದೊರೆಯದು. ಅಂದರೆ ವಾಹನವನ್ನು ಅಂಗಡಿಯಲ್ಲಿ ಕೊಳ್ಳಲು ಅಡ್ಡಿಯಿಲ್ಲದಿದ್ದರೂ, ಅದನ್ನು ಮನೆಯ ಮುಂದಿನ ಬೀದಿಗೆ ಇಳಿಸುವ ಹಕ್ಕು ಆ ರಸೀದಿಯಿಂದ ಬರುವುದಿಲ್ಲ.

ಸ್ಥಳ ಯಾರದು?

ಚಾಲನಾ ಪರವಾನಗಿ ಮತ್ತು ಮೂರನೆಯ ವ್ಯಕ್ತಿಯ ವಿಮೆ ಇವೆರಡೂ ‘ಸಾರ್ವಜನಿಕ ಸ್ಥಳ’ದಲ್ಲಿ ಕಡ್ಡಾಯ. ಸಾರ್ವಜನಿಕ ಸ್ಥಳವೆಂದರೆ ಸರ್ಕಾರಿ ರಸ್ತೆಯೊಂದೇ ಅಲ್ಲ. ಖಾಸಗಿ ಒಡೆತನದ ಜಾಗವಾಗಿದ್ದರೂ, ಜನರಿಗೆ ಅಲ್ಲಿ ಮುಕ್ತವಾಗಿಯೋ ನಿಯಂತ್ರಿತವಾಗಿಯೋ ಪ್ರವೇಶವಿದ್ದರೆ ಅದೂ ಸಾರ್ವಜನಿಕ ಸ್ಥಳವೆನಿಸುತ್ತದೆಂದು ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣ ಪೀಠವು 1988ರಲ್ಲಿ, ಅಂದಿನ ಕಾಯಿದೆಯಡಿ, ಅಭಿಪ್ರಾಯಪಟ್ಟಿತು. ಆದ್ದರಿಂದ ವಸತಿ ಸಂಘದ ಅಂಗಳವನ್ನು ಕಾನೂನಿನ ಹೊರಗಿನ ಜಾಗವೆಂದು ಎಣಿಸುವುದು ಜಾಣತನವಲ್ಲ.

ವಿಮೆಯಿಲ್ಲದ ವಾಹನದಿಂದ ದಾರಿಹೋಕರೊಬ್ಬರು ಗಾಯಗೊಂಡರೆ ಪರಿಹಾರದ ಹೊರೆ ನೇರವಾಗಿ ವಾಹನದ ಒಡೆಯನ ಮೇಲೆ ಬೀಳುತ್ತದೆ. ಪರಿಹಾರದ ಮೊತ್ತ ಹಲವು ವೇಳೆ ವಾಹನದ ಬೆಲೆಯನ್ನೇ ಮೀರುತ್ತದೆ. ಸಂಪೂರ್ಣ ಖಾಸಗಿ ಜಮೀನಿನಲ್ಲಿಯೂ ಅಜಾಗರೂಕತೆಯಿಂದ ಇತರರ ಜೀವಕ್ಕೆ ಅಪಾಯ ಒಡ್ಡುವುದು ಭಾರತೀಯ ನ್ಯಾಯ ಸಂಹಿತೆ, 2023ರ 125ನೆಯ ಪ್ರಕರಣದಂತೆ ಅಪರಾಧ.

ಗುಡ್ಡ ಮತ್ತು ಕಾಂಡ್ಲಾ

ಭಾಂಡುಪ್‌ನ ಪಶ್ಚಿಮದ ಕಾಡು ರಾಷ್ಟ್ರೀಯ ಉದ್ಯಾನ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಅನುಮತಿಯಿಲ್ಲದೆ ಅದರೊಳಗೆ ಪ್ರವೇಶಿಸುವುದೇ ನಿಷಿದ್ಧ. ವಾಹನ ನುಗ್ಗಿಸುವುದಂತೂ ದೂರದ ಮಾತು. ಚಿರತೆಗಳ ನೆಲೆಯಾದ ಈ ಕಾಡಿನಲ್ಲಿ ಇಂಜಿನ್ನಿನ ಸದ್ದು ಪ್ರಾಣಿಗಳನ್ನು ಬೆದರಿಸುತ್ತದೆ. ಚಕ್ರಗಳು ಕೊರೆದ ಜಾಡಿನಲ್ಲಿ ಮಳೆಗಾಲದ ನೀರು ಹರಿದು ಮಣ್ಣು ಕೊಚ್ಚಿಹೋಗುತ್ತದೆ. 2022ರ ತಿದ್ದುಪಡಿಯ ಬಳಿಕ ಈ ಅಧಿನಿಯಮದ ಸಾಮಾನ್ಯ ಅಪರಾಧಗಳಿಗೆ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧಕ್ಕೆ ಬಳಸಿದ ವಾಹನವನ್ನು ಜಪ್ತಿ ಮಾಡಲೂ ಅವಕಾಶವಿದೆ.

ಪೂರ್ವದ ಬಯಲೂ ಒಡೆಯರಿಲ್ಲದ ಭೂಮಿಯಲ್ಲ. ಠಾಣೆ ಕ್ರೀಕ್‌ನ ಭಾಗವೊಂದು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿತವಾಗಿ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಕಾಂಡ್ಲಾವನಗಳು ಕರಾವಳಿ ನಿಯಂತ್ರಣ ವಲಯದ ಅತಿಸೂಕ್ಷ್ಮ ವರ್ಗಕ್ಕೆ ಸೇರಿವೆ. ಅವುಗಳ ನಾಶವು ನಾಗರಿಕರ ಜೀವಿಸುವ ಹಕ್ಕಿಗೇ ಧಕ್ಕೆಯೆಂದು ಮುಂಬಯಿ ಉಚ್ಚ ನ್ಯಾಯಾಲಯವು 2018ರಲ್ಲಿ ಸಾರಿತು. ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳು ಚಕ್ರದಡಿ ಮುರಿದರೆ ಗಿಡವೇ ಸೊರಗುತ್ತದೆ. ಭರತದ ನೀರನ್ನು ತಡೆದು ವಸತಿಗಳನ್ನು ಕಾಯುವ ಬೇಲಿ ಈ ಗಿಡಗಳೇ ಆಗಿವೆ.

ಚಾಲಕರು ಯಾರು?

ಆಟಿಕೆಯಂತೆ ಕಾಣುವ ಕಾರಣ ಈ ವಾಹನವನ್ನು ಮಕ್ಕಳ ಕೈಗೆ ಕೊಡುವವರುಂಟು. ಇದು ಎಲ್ಲಕ್ಕಿಂತ ಅಪಾಯಕಾರಿ. ಎತ್ತರದ ಗುರುತ್ವಕೇಂದ್ರದಿಂದಾಗಿ ಇಳಿಜಾರಿನಲ್ಲಿ ಎ.ಟಿ.ವಿ. ಸುಲಭವಾಗಿ ಮಗುಚುತ್ತದೆ, ನೂರಾರು ಕಿಲೋ ತೂಕದ ಯಂತ್ರ ಸವಾರನ ಮೇಲೆಯೇ ಬೀಳುತ್ತದೆ. 2019ರಲ್ಲಿ ಮೋಟಾರು ವಾಹನಗಳ ಅಧಿನಿಯಮಕ್ಕೆ ಸೇರಿಸಲಾದ 199ಎ ಪ್ರಕರಣದಂತೆ, ಅಪ್ರಾಪ್ತರು ಈ ಅಧಿನಿಯಮದಡಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಒಡೆಯರು ತಪ್ಪಿತಸ್ಥರೆನಿಸುತ್ತಾರೆ. ಅವರಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಬಾಲಕ ಅಥವಾ ಬಾಲಕಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯದು. ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ಸರ್ವ ಪ್ರಯತ್ನ ಮಾಡಿದೆನೆಂದೋ ಸಾಬೀತುಪಡಿಸುವ ಹೊಣೆ ಪೋಷಕರದೇ.

ಕೊಳ್ಳುವ ಮುನ್ನ

ಕೊಳ್ಳುವವರು ಮೊದಲು ಮಾರಾಟಗಾರರಿಂದ ನಮೂನೆ 22 ದೊರೆಯುವುದೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ಭಾಂಡುಪ್‌ನ ನಿವಾಸಿಗಳು ಸಂದೇಹವಿದ್ದಲ್ಲಿ ವಡಾಲಾದ ಮುಂಬಯಿ ಪೂರ್ವ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು. ಮೋಜಿಗಾಗಿ ಸವಾರಿ ಮಾಡುವವರು ಬೇಲಿ ಹಾಕಿದ ಖಾಸಗಿ ಪಥವನ್ನೇ ಆರಿಸಿಕೊಂಡು, ಅಲ್ಲಿ ಶಿರಸ್ತ್ರಾಣ, ತರಬೇತುದಾರ ಹಾಗೂ ವಿಮೆ ಇವೆಯೇ ಎಂದು ನೋಡಬೇಕು. ವಾಹನವನ್ನು ಅಲ್ಲಿಗೆ ಸಾಗಿಸಬೇಕಾದರೆ ಟೆಂಪೋದಲ್ಲಿ ಏರಿಸಿಕೊಂಡು ಹೋಗಬೇಕೇ ಹೊರತು ರಸ್ತೆಯಲ್ಲಿ ಓಡಿಸಬಾರದು.

ಮೇಲೆ ಹೇಳಿದ ಅಧಿನಿಯಮಗಳು ಕೇಂದ್ರದವಾದ್ದರಿಂದ ಕರ್ನಾಟಕದ ಮಲೆನಾಡಿಗೂ ಕರಾವಳಿಗೂ ಇವು ಅನ್ವಯಿಸುತ್ತವೆ. ವಾಹನ ಯಾವುದು, ಸ್ಥಳ ಯಾರದು, ಚಾಲಕರು ಯಾರು ಎಂಬ ಮೂರು ಪ್ರಶ್ನೆಗಳಿಗೂ ಸಮರ್ಪಕ ಉತ್ತರ ದೊರೆತ ಮೇಲೆಯೇ ಇಂಜಿನ್ ಚಾಲೂ ಮಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.