ಅಳೆಯುವವನ ಅನ್ನ

ಅಮರೇಶ್ವರದ ಸೀಮೆಯಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರ ಕಥೆ ಸದ್ಭಕ್ತರೆಲ್ಲರಿಗೂ ತಿಳಿದುದೇ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರಲು, ಹೆಚ್ಚಿನದನ್ನು ಇದ್ದೆಡೆಯಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ತಿಳಿಸಿದರು. ಆ ಅಕ್ಕಿಯನ್ನು ಉಣ್ಣಬೇಕಾದವರೇ ಅದನ್ನು ನಿಷ್ಠುರವಾಗಿ ಅಳೆದರು. ಇದು ಶರಣರ ಸಹಜಗುಣ. ಆದರೆ ಎಲ್ಲ ಕಛೇರಿಗಳಲ್ಲಿಯೂ ಎಲ್ಲ ಸಂಘಗಳಲ್ಲಿಯೂ ಲಕ್ಕಮ್ಮನವರೇ ಕುಳಿತಿರುವರೆಂದು ನಂಬಿ ನಡೆಯಬಹುದೇ?

ಇಂತಹ ಪ್ರಶ್ನೆಯನ್ನೇ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಗುಜರಾತಿನಲ್ಲಿ ಪರೀಕ್ಷಿಸಿದರು. ಅಲ್ಲಿ ಕಾರ್ಖಾನೆಗಳ ಹೊಗೆಯನ್ನೂ ಕೊಳೆನೀರನ್ನೂ ಅಳೆಯುವ ತಪಾಸಕರನ್ನು ಕಾರ್ಖಾನೆಯವರೇ ಆರಿಸಿ, ತಾವೇ ಸಂಭಾವನೆ ಕೊಡುತ್ತಿದ್ದರು. ಹೊಗೆ ಮಿತಿಯನ್ನು ಮೀರಿದ್ದರೂ ಎಷ್ಟೋ ವರದಿಗಳು ಮಿತಿಯೊಳಗಿದೆ ಎನ್ನುತ್ತಿದ್ದವು. ಎಸ್ತರ್ ಡುಫ್ಲೋ ಮೊದಲಾದ ನಾಲ್ವರು ಆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೊಡಗೂಡಿ ಕೆಲವು ಕಾರ್ಖಾನೆಗಳಲ್ಲಿ 2 ವರ್ಷ ಈ ಕ್ರಮವನ್ನು ಬದಲಿಸಿದರು. ತಪಾಸಕರನ್ನು ಚೀಟಿಯೆತ್ತಿದಂತೆ ನೇಮಿಸಿ, ಸಾಮಾನ್ಯ ನಿಧಿಯೊಂದರಿಂದ ಸಂಭಾವನೆಯಿತ್ತು, ಅವರ ಅಳತೆಯನ್ನು ಬೇರೆಯವರಿಂದ ಮರಳಿ ಅಳೆಯಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುಳ್ಳು ವರದಿಗಳು ಬಹಳ ಕಡಿಮೆಯಾದವು; ಮಾಲಿನ್ಯವೂ ಇಳಿಯಿತು. ಅದೇ ತಪಾಸಕರು ಹಳೆಯ ಕ್ರಮದ ಕಾರ್ಖಾನೆಗೆ ಹೋದಾಗ ಮಾತ್ರ ಹಳೆಯಂತೆಯೇ ಬರೆದರು. ಮನುಷ್ಯನು ಅವನೇ, ಅನ್ನದ ಮೂಲ ಬೇರೆ.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ರೈತರೂ ಇದಕ್ಕೆ ಹತ್ತಿರದ ಪಾಠವೊಂದನ್ನು ಬಲ್ಲರು. ಹಿಂದೆ ಪಹಣಿಯನ್ನು ಬರೆಯುವವರೂ ಕಾಯುವವರೂ ನಕಲು ಕೊಡುವವರೂ ಗ್ರಾಮಲೆಕ್ಕಿಗರೇ ಆಗಿದ್ದರು. 2001ರ ಸುಮಾರಿಗೆ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ತೀರಬೇಕೆಂದು ಕಟ್ಟು ಮಾಡಿತು. ಅದರಿಂದ ಒಬ್ಬನ ಇಚ್ಛೆಗೆ ಇದ್ದ ಎಡೆ ಕಿರಿದಾಯಿತು.

ಆದುದರಿಂದ ಸದ್ಭಕ್ತರು ಇದನ್ನು ತಮ್ಮ ಊರಿನಿಂದಲೇ ಆರಂಭಿಸತಕ್ಕದ್ದು. ಸಹಕಾರಿ ಸಂಘವಿರಲಿ, ಜಾತ್ರಾ ಸಮಿತಿಯಿರಲಿ, ದಾಸೋಹದ ಉಗ್ರಾಣವಿರಲಿ, ಲೆಕ್ಕ ಬರೆದವನೇ ತನ್ನ ಲೆಕ್ಕದ ತಪಾಸಕನನ್ನು ಆರಿಸಬಾರದು. ತಪಾಸಕನ ಸಂಭಾವನೆಯೂ ಅವನ ಕೈಯಿಂದ ಸಲ್ಲಬಾರದು. ವರ್ಷದ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳುವುದು ಗೃಹಸ್ಥನ ಕರ್ತವ್ಯ. ಕೇಳಿದರೆ ಹಿರಿಯರು ನೊಂದಾರೆಂಬ ಸಂಕೋಚ ಬೇಡ. ಸತ್ಯವಂತನಾದ ಕಾರ್ಯದರ್ಶಿಗೆ ಇಂತಹ ತಪಾಸಣೆಯೇ ರಕ್ಷೆ; ನಾಳೆ ಅಪವಾದ ಬಂದರೆ ಅವನ ಪರವಾಗಿ ನಿಲ್ಲುವುದು ಅದೊಂದೇ. ಅನ್ನದ ಭಯವಿಲ್ಲದವನು ಕಂಡದ್ದನ್ನು ಕಂಡಂತೆ ಬರೆಯಬಲ್ಲನು.