ಕೊಡಗು ಮತ್ತು ಮಾನಸಿಕ ಚಿಕಿತ್ಸೆಯ ಹಕ್ಕು: ಪರೀಕ್ಷಾ ಟಿಪ್ಪಣಿ

1912ರ ಭಾರತೀಯ ಹುಚ್ಚರ ಕಾಯ್ದೆ, 1987ರ ಮಾನಸಿಕ ಆರೋಗ್ಯ ಕಾಯ್ದೆ, ಆಮೇಲೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ: ಈ ಅನುಕ್ರಮ ನೆನಪಿರಲಿ. ಮೂರನೆಯದು ಜಾರಿಗೆ ಬಂದದ್ದು 2018ರ ಮೇ 29ರಂದು. ಕಾಯ್ದೆ ಸಂಸತ್ತಿನದು, ಆದರೆ ಆರೋಗ್ಯ ರಾಜ್ಯಪಟ್ಟಿಯ ವಿಷಯವಾದ್ದರಿಂದ ಕೊಡಗಿನಲ್ಲಿ ಅದನ್ನು ನಡೆಸುವ ಹೊಣೆ ಕರ್ನಾಟಕ ಸರ್ಕಾರದ್ದು.

ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ವ್ಯಾಖ್ಯೆಯಲ್ಲಿ. ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ‘ಮಾನಸಿಕ ಕಾಯಿಲೆ’ಯೊಳಗೇ ಬರುತ್ತವೆ. ಅಂದರೆ ಕುಡಿತ ಬಿಡಲಾಗದೆ ಒದ್ದಾಡುವವನು ಕಾನೂನಿನ ಕಣ್ಣಲ್ಲಿ ರೋಗಿ. ಊರವರ ಬಾಯಲ್ಲಿ ಮಾತ್ರ ಇನ್ನೂ ಕೆಟ್ಟವನು.

18ನೇ ಸೆಕ್ಷನ್ ಕಾಯ್ದೆಯ ಜೀವಾಳ. ಸರ್ಕಾರ ನಡೆಸುವ ಅಥವಾ ಅದರ ನೆರವು ಪಡೆವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಅದು ಉಚಿತ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ. ಕಾಫಿ ತೋಟದ ಲೈನ್ ಮನೆಯಲ್ಲಿರುವ ವಲಸೆ ಕಾರ್ಮಿಕನನ್ನು ನೆನೆಯಿರಿ: ರೇಷನ್ ಕಾರ್ಡ್ ಹುಟ್ಟೂರಲ್ಲಿ, ಕೂಲಿ ಇಲ್ಲಿ. ಮಡಿಕೇರಿಗೆ ಬಸ್ಸು ಹತ್ತಿದರೆ ಒಂದು ದಿನದ ಸಂಬಳ ಹೋದಂತೆಯೇ. ಅವನಿಗೆ ಈ ಒಂದು ಸಾಲು ದೊಡ್ಡದು.

ಸೆಕ್ಷನ್ 5 ಮುಂಗಡ ನಿರ್ದೇಶನ; 21(4) ವಿಮೆಯಲ್ಲಿ ಸಮಾನತೆ; 115 ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸುತ್ತದೆ.

ದೂರದ ಹಾಡಿಯಿಂದಲೂ ಸಿಗುವ ಉಚಿತ ಸಹಾಯವಾಣಿ ಟೆಲಿ ಮನಸ್: ಸಂಖ್ಯೆ 14416, ಆರಂಭ 2022ರ ಅಕ್ಟೋಬರ್ 10, ಕೇಂದ್ರ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಈ ಸಂಖ್ಯೆಯನ್ನು ಪರೀಕ್ಷೆಗಷ್ಟೇ ಅಲ್ಲ, ಮೊಬೈಲಿನಲ್ಲೂ ಉಳಿಸಿಕೊಳ್ಳಿ.