ತರಬೇತಿಯ ಮಾತಿನಲ್ಲಿ ಇಂಗ್ಲಿಷ್ ನುಡಿಗಟ್ಟುಗಳು

ಮಾದಾಪುರದ ಕಾಳುಮೆಣಸಿನ ವರ್ತಕರೊಬ್ಬರು ಖರೀದಿದಾರರ ಪತ್ರವೊಂದನ್ನು ನನಗೆ ತೋರಿಸಿದರು. ತೇವಾಂಶ ಹೆಚ್ಚೆಂದು ದರ ಕಡಿತ ಕೋರಿದ್ದ ಆ ಪತ್ರದಲ್ಲಿ, ಸರಕನ್ನು ಪರೀಕ್ಷಿಸಿದ ಹೊಸ ನೌಕರನ ಕುರಿತು ‘ಥ್ರೋನ್ ಇನ್ ಅಟ್ ದ ಡೀಪ್ ಎಂಡ್’ ಎಂದಿತ್ತು. ಮೂಟೆಗಳೇ ನೀರಿಗೆ ಬಿದ್ದವೆಂದು ಭಾವಿಸಿ ವರ್ತಕರು ಕಡಿತಕ್ಕೆ ಒಪ್ಪುವವರಿದ್ದರು! ಈಜುಕೊಳದ ಆಳದ ತುದಿಯಿಂದ ಬಂದ ಈ ಮಾತಿಗೆ, ತರಬೇತಿಯಿಲ್ಲದೆ ಕಠಿಣ ಕೆಲಸಕ್ಕೆ ಇಳಿಸಲ್ಪಟ್ಟವನೆಂದು ಅರ್ಥ. ಮರುಪರೀಕ್ಷೆ ಕೇಳಲು ಇದಕ್ಕಿಂತ ಒಳ್ಳೆಯ ಆಧಾರವುಂಟೇ? ಕೇಳಿದೆವು, ಕಡಿತ ರದ್ದಾಯಿತು.

‘ಲರ್ನಿಂಗ್ ದ ರೋಪ್ಸ್’ ಎಂದರೆ ಕೆಲಸದ ಒಳಹೊರಗನ್ನು ಕಲಿಯುತ್ತಿರುವುದು. ಹಾಯಿಹಡಗಿನ ಹಗ್ಗಗಳಿಂದ ಬಂದ ಮಾತಿದು. ಹಳಬರಿಗೆ ‘ಶೋ ಹಿಮ್ ದ ರೋಪ್ಸ್’ ಎಂದರೆ, ಹೊಸಬನಿಗೆ ಕೆಲಸ ಕಲಿಸಿರಿ ಎಂದಾಯಿತು. ‘ಹಿಟ್ ದ ಗ್ರೌಂಡ್ ರನ್ನಿಂಗ್’ ಎಂಬುದು ಬಂದ ದಿನವೇ ಚುರುಕಾಗಿ ದುಡಿಯುವವನಿಗೆ ಸಲ್ಲುತ್ತದೆ. ‘ಬ್ರಷ್ ಅಪ್’ ಎಂದರೆ ಮರೆತುದನ್ನು ಪುನಃ ಅಭ್ಯಾಸ ಮಾಡುವುದು. ಲೆಕ್ಕಪರಿಶೋಧಕರಾದ ನಮಗೆ ಪ್ರತಿ ಬಜೆಟ್ಟಿನ ನಂತರವೂ ಇದು ತಪ್ಪದು.

ಸಹೋದ್ಯೋಗಿಗಳ ಹರಟೆಯಲ್ಲಿ ಇವು ಸೊಗಸು. ಆದರೆ 1961ರ ಅಪ್ರೆಂಟಿಸ್ ಕಾಯ್ದೆಯನ್ವಯ ಮಾಡಿಕೊಳ್ಳುವ ಕರಾರಿನಲ್ಲಿ ತರಬೇತಿಯ ಅವಧಿ ಹಾಗೂ ಶಿಷ್ಯವೇತನವನ್ನು ನೇರ ಮಾತಿನಲ್ಲಿಯೇ ಬರೆಯತಕ್ಕದ್ದು.